ಬಲಗೈ ಉಳಿಸಿಕೊಂಡಿದ್ದವನು

ನನ್ನ ಹಳೆಯ ಡೈರಿಯಲ್ಲಿ 2006ರ ಮಾರ್ಚ್ 11ರಂದು ಹೀಗೆ ಬರೆದಿದ್ದೇನೆ: ಸಿಡ್ನಿಯಿಂದ ಮೆಲ್ಬರ್ನ್‌ಗೆ ರೈಲು, ಮಗಳಿಗೆಂದು ಕಲ್ಲಿನ ಕುಟ್ಟಾಣಿ.

ಪಕ್ಕದ ಸೀಟಿನ ತರುಣ ನಾನು ಬೀಳಿಸಿದ ಕನ್ನಡಕವನ್ನು ಎಡಗೈಯಲ್ಲಿ ಎತ್ತಿಕೊಟ್ಟ. "ನಮ್ಮವನ ಹಾಗೆ ಕಾಣ್ತಾನೆ, ಎಡಗೈಯಲ್ಲಿ ಕೊಡಬಾರದು ಅಂತ ಮನೇಲಿ ಹೇಳಿಕೊಟ್ಟಿಲ್ಲ" ಎಂದು ಜೊತೆಗಿದ್ದ ಯಜಮಾನರಿಗೆ ಕನ್ನಡದಲ್ಲಿ ಹೇಳಿದೆ.

"ಹೇಳಿಕೊಟ್ಟಿದ್ದಾರೆ, ಆಂಟಿ" ಎಂದ. ಸಿಡ್ನಿಯ ಟೂಂಗಾಬಿಯಲ್ಲಿ ಬೆಳೆದ ಮೈಸೂರಿನವರ ಮಗ. ವೃತ್ತಿಯಿಂದ ಬೇಸ್‌ಬಾಲ್ ಪಿಚರ್, ಅಂದರೆ ಚೆಂಡು ಎಸೆಯುವವನು. "ಮೊಣಕೈ ಆಪರೇಷನ್ ಆಗಿದೆ. ನಾಳೆ ಅಮೆರಿಕದ ಕ್ಲಬ್‌ನವರು ನನ್ನ ಎಸೆತ ಲಾಸ್ಟ್ ಟೈಮ್ ನೋಡಿ, ತಗೋಬೇಕಾ ಬೇಡ್ವಾ ಹೇಳ್ತಾರೆ. ಅಲ್ಲೀವರೆಗೂ ಬಲಗೈಗೆ ರೆಸ್ಟ್."

ನಾನು ಚಕ್ಕುಲಿ ಕೊಟ್ಟೆ. ಎಡಗೈಯಲ್ಲೇ ತೆಗೆದುಕೊಂಡ.

ಅಷ್ಟರಲ್ಲಿ ರೈಲು ಗಕ್ಕನೆ ಬ್ರೇಕ್ ಹಾಕಿತು. ಮೇಲಿದ್ದ ನನ್ನ ಸೂಟ್‌ಕೇಸ್ ಯಜಮಾನರ ತಲೆಯತ್ತ ಜಾರಿತು. ಅದನ್ನು ಹಿಡಿದದ್ದು ಆ ಬಲಗೈ. ಸೂಟ್‌ಕೇಸ್ ಇಳಿಸಿ ಕೂತವನು ಬೆರಳು ಮಡಚಿ, ಬಿಡಿಸಿ, ಮತ್ತೆ ಮಡಚಿ ನೋಡಿದ.

"ನೋವಾಯ್ತೇನಪ್ಪ?"

"ಇದರಲ್ಲಿ ಏನಿದೆ, ಆಂಟಿ?"

"ಕುಟ್ಟಾಣಿ."

"ನಮ್ಮಮ್ಮನ ಹತ್ರಾನೂ ಇದೆ" ಎಂದು ನಕ್ಕ. ಆಮೇಲೆ ಮೆಲ್ಬರ್ನ್‌ವರೆಗೂ ಬಲ ಮೊಣಕೈಯನ್ನು ಎಡಗೈಯಲ್ಲಿ ಹಿಡಿದೇ ಕೂತಿದ್ದ.

ಇಳಿಯುವಾಗ ಅವನ ನಂಬರ್ ಬರೆದುಕೊಂಡಿದ್ದೆ. ಮರುದಿನ ಸಂಜೆ ಫೋನ್ ಮಾಡಿದಾಗ, ಮೊದಲ ಎಸೆತಕ್ಕೇ ಮೊಣಕೈ ಹಿಡಿದುಕೊಂಡಿತು, ಕ್ಲಬ್‌ನವರು ಬೇಡವೆಂದರು ಎಂದ. ಈಗ ಸಿಡ್ನಿಯಲ್ಲೇ, ನಾರ್ವೆಸ್ಟ್‌ನ ಆಫೀಸೊಂದರಲ್ಲಿ ಕೆಲಸದಲ್ಲಿದ್ದಾನೆ.

ಯಜಮಾನರ ತಲೆ ಉಳಿಯಿತು, ಅವನ ಆಟ ಹೋಯಿತು. ಕುಟ್ಟಾಣಿಗೆ ಏನೂ ಆಗಲಿಲ್ಲ. ಮಗಳು ಮಿಕ್ಸಿಯನ್ನೇ ಬಳಸುತ್ತಾಳೆ.