ಶಿವದಾರ ಬಿಗಿದ ರೇಡಿಯೋ

ಹಸಿದು ಬಂದವರಿಗೆ ಇಲ್ಲವೆನ್ನದವರು, ಲಿಂಗಪೂಜೆ ಮುಗಿಯದೆ ಒಲೆ ಹೊತ್ತಿಸದವರು, ಬೈದು ಹೋದವರ ಚಹಾಕ್ಕೂ ಸಕ್ಕರೆ ಕಡಿಮೆ ಮಾಡದವರು, ಹುಮನಾಬಾದಿನ ಹೆದ್ದಾರಿಯ ಚಹಾದಂಗಡಿಯ ಬಕ್ಕಪ್ಪನವರು. ಸಂಜೆಯಾಯಿತೆಂದರೆ ಅವರ ರೇಡಿಯೋ ಕಲಕತ್ತೆಯನ್ನು ಹಿಡಿದು ಹೊಸ ಹೊಸ ಬಂಗಾಳಿ ಹಾಡುಗಳನ್ನು ಕೇಳಿಸುವುದು; ಅದರ ಹಣೆಗೂ ವಿಭೂತಿಯ ಮೂರು ಎಳೆ. ಲಾರಿಯವರು ಹಿಂದಿ ಸಿನಿಮಾ ಹಾಡು ಬೇಡಿದರೆ, "ಅದರ ಧಾಟೀನೂ ನಮ್ಮ ಬಂಗಾಳದ್ದೇ ಅದರೀ, ಮೂಲಾನೇ ಕೇಳ್ರಿ," ಎನ್ನುವರು. ಬೀದರ ಜಿಲ್ಲೆಯ ಎಲ್ಲೆ ದಾಟದವರ ಬಾಯಲ್ಲಿ ಈ 'ನಮ್ಮ' ಕೇಳಿ ಅಂಗಡಿಯೇ ನಗುವುದು. ಒಮ್ಮೆ ಬಂಗಾಳದ ಚಾಲಕನೊಬ್ಬ ಹಾಡಿನ ಅರ್ಥ ಹೇಳತೊಡಗಿದಾಗ ಕೈಮುಗಿದು ತಡೆದರು. "ಒಂದಕ್ಷರ ತಿಳೀದs ತಲಿ ಹ್ಯಾಂಗ ತೂಗಾಕತ್ತೀರಿ, ಕಾಕಾ?" ಎಂದು ಕೆಣಕಿದವನು, ಊರಿಗೆ ಹೊಸಬನಾದ ಧಾನ್ಯದ ವ್ಯಾಪಾರಿ ಮಹಾರುದ್ರಪ್ಪ. ಸ್ಟೇಶನ್ ಬದಲಿಸಲು ಅವನು ಕೈಯಿಟ್ಟರೆ ಗುಂಡಿ ತಿರುಗಲಿಲ್ಲ. ಕೊರಳಿಗೆ ಲಿಂಗ ಕಟ್ಟುವ ಹಳೆಯ ಶಿವದಾರವೊಂದು ಅದನ್ನು ಬಿಗಿದಿತ್ತು. "ಮುಟ್ಟಬ್ಯಾಡಪಾ," ಎಂದರು ಬಕ್ಕಪ್ಪನವರು. "ಫೌಜಿನ್ಯಾಗಿದ್ದ ನನ್ನ ಮಗ ಗುರುಪಾದ ಕಡೇ ರಜಾಕ್ಕ ಬಂದಾಗ ಕೊರಳಾಗ ಹೊಸಾದು ಹಾಕ್ಕೊಂಡು ಹಳೇದು ಇಲ್ಲಿ ಕಟ್ಟ್ಯಾನ. ನಾ ಇರೋ ಕಡೆ ಇವs ಹಾಡು ಕೇಳಸ್ತಾವ, ನೀನೂ ಹಚ್ಚಪ್ಪಾ, ಅಂದಿದ್ದ." ಎಪ್ಪತ್ತೊಂದರ ಯುದ್ಧದಲ್ಲಿ ಗುರುಪಾದ ಬಂಗಾಳದಲ್ಲಿಯೇ ಮಣ್ಣಾದ. ಆ ಮಣ್ಣಿನ ಮೇಲೆ ಈ ಹೊತ್ತಿಗೆ ಇದೇ ಹಾಡು ಹಾಯುತ್ತಿದೆಯೆಂಬುದು ತಂದೆಯ ನಂಬಿಕೆ; ಅದು ಮದುವೆಯ ಹಾಡೋ ಮರಣದ ಹಾಡೋ ಎಂದು ತಿಳಿಯುವ ಧೈರ್ಯ ಮಾತ್ರ ಅವರಿಗಿಲ್ಲ. ಆ ದಾರ ಸಡಿಲದಿರಲಿ. ಬಕ್ಕಪ್ಪನವರಿಗೂ, ಗೋಡೆಯಾಚೆ ಅದೇ ಹಾಡು ಕೇಳುತ್ತ ರೊಟ್ಟಿ ಬಡಿಯುವ ಗುರುಪಾದನ ತಾಯಿ ಸಂಗಮ್ಮನವರಿಗೂ ಶಿವನು ಸೈರಣೆಯನ್ನೀಯಲಿ, ಅವರ ಒಲೆ ಆರದಿರಲಿ.