ಸಹಿ ಹಾಕದ ಮೇಸ್ತ್ರಿ

ಮೇಸ್ತ್ರಿಗಳು ತಮ್ಮ ಒಂಬತ್ತು ಉಗುರುಗಳನ್ನು ಬುಡದವರೆಗೆ ಕತ್ತರಿಸಿಕೊಂಡಿರುತ್ತಿದ್ದರು. ಬಲ ಹೆಬ್ಬೆರಳಿನದು ಮಾತ್ರ ಅರ್ಧ ಇಂಚು ಬೆಳೆದು, ಹಳದಿಗಟ್ಟಿ, ಕೊಂಬಿನಂತೆ ಗಟ್ಟಿಯಾಗಿತ್ತು. ದಿನಾ ಬೆಳಿಗ್ಗೆ ಆ ಉಗುರನ್ನು ವಿಮಾನದ ಪ್ರೊಪೆಲರಿನ ಅಂಚಿನ ಮೇಲೆ ಬುಡದಿಂದ ತುದಿಯವರೆಗೆ ನಿಧಾನವಾಗಿ ಎಳೆಯುವರು, ಕಣ್ಣು ಮುಚ್ಚಿಕೊಂಡು. ಕಲ್ಲು ಸಿಡಿದು ಸಾಸಿವೆಯಷ್ಟು ಕಚ್ಚು ಬಿದ್ದಿದ್ದರೂ ಉಗುರು ಅಲ್ಲಿ ತಡೆದು ನಿಲ್ಲುತ್ತಿತ್ತು. ನಿಂತಿತೆಂದರೆ ಅಂದಿನ ನನ್ನ ದಿನ ಕೆಟ್ಟಿತೆಂದೇ ಅರ್ಥ. ಎರಡು ಇಂಜಿನ್ನು, ಒಂದೊಂದಕ್ಕೆ ಮೂರು ರೆಕ್ಕೆ. ಆರೂ ಅಂಚುಗಳನ್ನು ಮುಗಿಸುವಷ್ಟರಲ್ಲಿ ಬಿಸಿಲೇರಿ ನನ್ನ ತಲೆ ಸಿಡಿಯುತ್ತಿತ್ತು.

ಅದು ಗಣಿಯ ಭರಾಟೆಯ ಕಾಲ. ಸಂಡೂರಿನ ಗುಡ್ಡಗಳಿಂದ ಅದಿರಿನ ಲಾರಿಗಳು ಎಡೆಬಿಡದೆ ಇಳಿಯುತ್ತಿದ್ದವು. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಪಂಕ್ಚರ್ ಅಂಗಡಿಯಾಗಿ ಶುರುವಾದ ನಮ್ಮಪ್ಪನ ಕಸುಬು ಆ ಲಾರಿಗಳ ದೆಸೆಯಿಂದ ಸವೆದ ಟೈರಿಗೆ ಹೊಸ ರಬ್ಬರು ಕೂರಿಸುವ ರಿಟ್ರೆಡಿಂಗ್ ಶೆಡ್ಡಾಗಿ ಬೆಳೆದಿತ್ತು. ನಾನು ಪೈಲಟ್ ಆದದ್ದು ಆ ಶೆಡ್ಡಿನ ದುಡಿಮೆಯಲ್ಲೇ. ಕಮರ್ಷಿಯಲ್ ಲೈಸೆನ್ಸ್ ಹಿಡಿದು ಊರಿಗೆ ಬಂದಾಗ ನನಗೆ ಇಪ್ಪತ್ತಮೂರು ವರ್ಷ, ಲಾಗ್‌ಬುಕ್ಕಿನಲ್ಲಿ ಇನ್ನೂರು ಚಿಲ್ಲರೆ ಗಂಟೆಗಳ ಹಾರಾಟ. ವಿಮಾನ ಕಂಪನಿಗಳು ಹೊಸಬರನ್ನು ತೆಗೆದುಕೊಳ್ಳುವುದನ್ನು ಆ ವರ್ಷವೇ ನಿಲ್ಲಿಸಿದ್ದವು. ಕೇಳಿದಲ್ಲೆಲ್ಲ ಒಂದೇ ಉತ್ತರ: ಇನ್ನಷ್ಟು ಗಂಟೆ ಹಾರಿ ಬಾ. ಓಣಿಯ ಹೆಂಗಸರಂತೂ ಎದುರಾದಾಗಲೆಲ್ಲ, "ಲೈಸೆನ್ಸ್ ಬಂತಂತಲ್ಲವ್ವಾ, ಮತ್ತ ಗಾಡಿ ಎಲ್ಲಿ?" ಎಂದು ಕೇಳಿ ಜೀವ ಹಿಂಡುತ್ತಿದ್ದರು.

ಗಾಡಿ ಸಿಕ್ಕಿದ್ದು ಒಬ್ಬ ಗಣಿ ಧಣಿಯ ಹತ್ತಿರ. ಸಂಡೂರಿನ ದಾರಿಯಲ್ಲಿ, ಗುಡ್ಡದ ಬುಡದ ಬಯಲಿನಲ್ಲಿ ಅವರದೊಂದು ಸ್ವಂತ ರನ್‌ವೇ, ತಗಡಿನ ಹ್ಯಾಂಗರ್, ಆರು ಜನ ಕೂರುವ ಸಣ್ಣ ವಿಮಾನ. ಧಣಿಗಳು ಬೆಂಗಳೂರು, ಹೈದರಾಬಾದಿಗೆ ಹೋಗಿಬರುವುದಕ್ಕೆ, ಹಂಪಿ ನೋಡಲು ಬರುವ ಅವರ ಅತಿಥಿಗಳನ್ನು ಕರೆತರುವುದಕ್ಕೆ ಅದು ಬೇಕಿತ್ತು. ಹೈದರಾಬಾದಿನ ಒಬ್ಬ ಹಿರಿಯ ಕ್ಯಾಪ್ಟನ್ ಅದನ್ನು ಹಾರಿಸುತ್ತಿದ್ದರು. ನಾನು ಅವರ ಪಕ್ಕದ ಸೀಟಿಗೆ ಸೇರಿಕೊಂಡೆ.

ಆ ವಿಮಾನ ನೋಡಿಕೊಳ್ಳುತ್ತಿದ್ದವರೇ ಮೇಸ್ತ್ರಿಗಳು. ವಾಯುಪಡೆಯಲ್ಲಿ ಇಪ್ಪತ್ತು ವರ್ಷ ದುಡಿದು, ಆಮೇಲೆ ಪರೀಕ್ಷೆ ಕಟ್ಟಿ ಲೈಸೆನ್ಸ್ ಪಡೆದ ಇಂಜಿನಿಯರ್ ಅವರು. ಆದರೆ ಅಲ್ಲಿನ ಡ್ರೈವರುಗಳಿಗೆ ಸ್ಪ್ಯಾನರ್ ಹಿಡಿದವರೆಲ್ಲ ಮೇಸ್ತ್ರಿಗಳೇ. ಅವರಿಗೂ ಅದರ ಬಗ್ಗೆ ಬೇಸರವಿರಲಿಲ್ಲ. ಕಂಪ್ಲಿಯಲ್ಲಿ ಮನೆ, ಎರಡೆಕರೆ ಭತ್ತದ ಗದ್ದೆ. ಪ್ರತಿ ಹಾರಾಟಕ್ಕೂ ಮುಂಚೆ ವಿಮಾನದ ದಾಖಲೆ ಪುಸ್ತಕದಲ್ಲಿ ಅವರ ಸಹಿ ಬೀಳಬೇಕು, ಬೀಳದಿದ್ದರೆ ವಿಮಾನ ಏಳುವಂತಿಲ್ಲ. ನನ್ನ ಗಂಟೆಗಳೆಲ್ಲ ಆ ಒಂದು ಸಹಿಯ ಮೇಲೆ ನಿಂತಿದ್ದವು.

ಮೊದಲ ದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹೆಗಲಿಗೆ ಪಟ್ಟಿ ಏರಿಸಿಕೊಂಡು ಹೋಗಿದ್ದೆ. ಮೇಸ್ತ್ರಿಗಳು ತಲೆಯಿಂದ ಕಾಲಿನವರೆಗೆ ನೋಡಿ ಒಂದು ಒದ್ದೆ ಬಟ್ಟೆ ಕೈಗೆ ಕೊಟ್ಟರು.

"ಹೊಟ್ಟಿ ಒರಸು."

"ಯಾರ ಹೊಟ್ಟೆ?"

"ವಿಮಾನದ್ದವ್ವಾ. ಕೆಳಗ ಮಕ್ಕೋ. ಕೆಂಪು ಧೂಳು ತೆಗದ್ರನ ಎಣ್ಣಿ ಸೋರಿದ್ದು ಕಾಣ್ತೈತಿ."

ಪೈಲಟ್ ಕೆಲಸಕ್ಕೆ ಬಂದವಳು ನಾನು, ಕ್ಲೀನರ್ ಅಲ್ಲ ಎಂದು ಹೇಳಬೇಕೆನಿಸಿತು. ಮಲಗಿ ಒರೆಸಿದೆ. ಆ ಅಂಗಿ ಮತ್ತೆಂದೂ ಬೆಳ್ಳಗಾಗಲಿಲ್ಲ. ಇಂಧನದ ಟ್ಯಾಂಕಿನ ತಳದಿಂದ ಗಾಜಿನ ಲೋಟಕ್ಕೆ ಸ್ವಲ್ಪ ಇಳಿಸಿ, ಬಿಸಿಲಿಗೆ ಹಿಡಿದು, ನೀರಿನ ಹನಿ ತಳದಲ್ಲಿ ಕೂತಿದೆಯೇ ನೋಡುವ ಕೆಲಸವೂ ಅಂದಿನಿಂದ ನನ್ನದಾಯಿತು; ನೀರು ಹೊಕ್ಕರೆ ಇಂಜಿನ್ ಆಕಾಶದಲ್ಲೇ ನಿಂತುಹೋಗಬಹುದು. ಎಲ್ಲ ಮುಗಿಸಿ ಬಂದರೆ ಅವರದೊಂದು ಪ್ರಶ್ನೆ: "ನಿನ್ನಿಗಿಂತ ಇವತ್ತು ಏನು ಬ್ಯಾರೆ ಐತಿ?"

"ಏನೂ ಇಲ್ಲ ಸರ್."

"ಇನ್ನೊಂದು ಸುತ್ತು ಹಾಕಿ ಬಾ."

ಇನ್ನೊಂದು ಸುತ್ತು ಹಾಕಿ ಬಂದು ಏನೂ ಇಲ್ಲ ಎಂದರೆ ಮತ್ತೊಂದು. ಬೇಸತ್ತು ಒಮ್ಮೆ, "ಎಡಗಡೆ ಚಕ್ರದ ಹತ್ತಿರ ಇರುವೆ ಸಾಲು ಹೋಗ್ತಿದೆ, ನಿನ್ನೆ ಇರಲಿಲ್ಲ" ಎಂದೆ. ಕುಚೋದ್ಯಕ್ಕೇ ಹೇಳಿದ್ದು. ಆ ಮನುಷ್ಯ ಮೊಣಕಾಲೂರಿ ಕೂತು ಕಾಲು ಗಂಟೆ ಇರುವೆಗಳ ಹಿಂದೆ ಬಿದ್ದರು! ಎಲ್ಲಿಂದ ಬರುತ್ತಿವೆ, ವಿಮಾನದೊಳಗೆ ಹೋಗುತ್ತಿವೆಯೇ, ಯಾವ ಸಂದಿಯಿಂದ? ಯಾರೋ ಚಾಲಕ ಬಿಸಾಡಿದ್ದ ಬಾಳೆಹಣ್ಣಿನ ಸಿಪ್ಪೆಗೆ ಹೊರಟಿದ್ದವು ಅವು. ಎದ್ದು ಮಣ್ಣು ಕೊಡವಿಕೊಂಡು, "ಈಗ ಬಂದಿ ನೋಡು ದಾರಿಗೆ" ಎಂದರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ವಾರಕ್ಕೆ ಒಂದಾದರೂ ಹಾರಾಟ ಅವರ ಕೈಯಲ್ಲಿ ಸಾಯುತ್ತಿತ್ತು. ಟೈರಿನಲ್ಲಿ ಗಾಳಿ ಕೂದಲೆಳೆಯಷ್ಟು ಕಡಿಮೆ. ಒಂದು ತಂತಿಯ ಗಂಟು ಅವರಿಗೆ ಸರಿಬರಲಿಲ್ಲ. ಹಾಗೆ ರದ್ದಾದ ಒಂದು ದಿನ ಕಂಪ್ಲಿಯ ತಮ್ಮ ಮನೆಗೆ ಊಟಕ್ಕೆ ಕರೆದರು. ಹೊಸಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ಬಸ್ ಹತ್ತುವ ಮೊದಲು ಅದರ ಸುತ್ತ ನಡೆದು ಚಕ್ರದ ನಟ್ಟುಗಳನ್ನು ಒಂದೊಂದಾಗಿ ಮುಟ್ಟಿ ನೋಡತೊಡಗಿದರು. ಕಂಡಕ್ಟರ್ ಬಾಗಿಲಿಗೆ ಜೋತುಬಿದ್ದು ಕೂಗಿದ: "ಯಜಮಾನ್ರ, ಹತ್ರಿ ಜಲ್ದಿ! ಬಸ್ಸು ಖರೀದಿ ಮಾಡಾಕ ಬಂದೀರೇನು?"

"ಒಂದು ನಟ್ಟು ಸಡ್ಲ ಐತಿ. ಪಾನಾ ಕೊಡು."

ಒಳಗಿದ್ದವರೆಲ್ಲ ಕಿಟಕಿಯಿಂದ ತಲೆ ಹೊರಹಾಕಿ ನೋಡುತ್ತಿದ್ದರು. ಇವರು ನನ್ನ ಜೊತೆಯವರಲ್ಲ ಎಂಬಂತೆ ನಾನು ಮುಂದಿನ ಸೀಟಿನಲ್ಲಿ ಹೋಗಿ ಕೂತೆ. ಬಿಡಲಿಲ್ಲ ಅವರು. ನಟ್ಟು ಬಿಗಿಯಾಗಿ, ಡ್ರೈವರಿನ ಬೈಗುಳ ಮುಗಿದು, ಬಸ್ಸು ಹೊರಟಾಗ ಅರ್ಧ ತಾಸು ತಡ. ಮನೆಯಲ್ಲಿ ಅವರ ಹೆಂಡತಿ ಅನ್ನ ಬಡಿಸುತ್ತ, "ನಿಮಗ ವಿಮಾನ ಒಂದ ಐತವ್ವಾ. ನನಗ ಒಲಿ, ಸಿಲಿಂಡರು, ಮಿಕ್ಸಿ, ಎಲ್ಲಾದ್ರಾಗೂ ಇದ ಪರೀಕ್ಷಾ" ಎಂದರು. ಆ ಕ್ಷಣದಿಂದ ಅವರೂ ನಾನೂ ಒಂದೇ ಪಕ್ಷ.

ಹೀಗೆ ಎಂಟು ತಿಂಗಳು ಕಳೆದಿತ್ತು. ಒಂದು ಕಂಪನಿ ಮತ್ತೆ ಅರ್ಜಿ ಕರೆದಿತ್ತು. ಅವರು ಕೇಳಿದ್ದಷ್ಟು ಗಂಟೆ ತುಂಬಲು ನನಗೆ ಇನ್ನೆರಡು ಹಾರಾಟ ಸಾಕು. ಗಡುವಿಗೆ ಐದು ದಿನ ಉಳಿದಿತ್ತು. ಅಂದು ಧಣಿಗಳು ಬೆಂಗಳೂರಿಗೆ ಹೊರಡಬೇಕಿತ್ತು. ಇಂಜಿನ್ ಚಾಲೂ ಮಾಡಿ ಪರೀಕ್ಷಿಸುವಾಗ ಕ್ಯಾಪ್ಟನ್ ಮತ್ತು ನಾನು ಒಳಗೆ, ಮೇಸ್ತ್ರಿಗಳು ಹೊರಗೆ ಎಡಗಡೆಯ ಇಂಜಿನ್ನಿಗೆ ಕಿವಿಗೊಟ್ಟು ನಿಂತಿದ್ದರು. ಇದ್ದಕ್ಕಿದ್ದಂತೆ ಕೈ ಎತ್ತಿ ನಿಲ್ಲಿಸಲು ಸನ್ನೆ ಮಾಡಿದರು.

"ನಡುನಡುವ ಉಸುರು ಹಿಡಿದಂಗ ಮಾಡ್ತೈತಿ."

ಕ್ಯಾಪ್ಟನ್ ಮತ್ತೆ ಚಾಲೂ ಮಾಡಿದರು. ಮೀಟರುಗಳೆಲ್ಲ ಸರಿಯಿದ್ದವು. ನಾನು ಇಳಿದು ಹೋಗಿ ಅವರ ಪಕ್ಕದಲ್ಲೇ ನಿಂತು ಕೇಳಿದೆ. ಏನೂ ಇಲ್ಲ. ಅಷ್ಟರಲ್ಲಿ ಧಣಿಗಳ ಕಾರುಗಳು ಧೂಳೆಬ್ಬಿಸಿಕೊಂಡು ಬಂದವು.

"ಏನ್ ಮೇಸ್ತ್ರಿ, ಕ್ಯಾಪ್ಟನ್ ಎಲ್ಲಾ ಸರಿ ಐತಿ ಅಂತಾರ?"

"ಮೀಟರು ಸರಿ ಐತ್ರಿ ಧಣೇರ. ನನಗ ಸರಿ ಅನ್ಸವಲ್ದು."

"ಅನ್ಸವಲ್ದು ಅಂದ್ರ? ಅಲ್ಲಿ ಮೀಟಿಂಗಿಗೆ ಜನ ಕುಂತಾರ."

"ಇಂಜಿನ್ ತಲಿಮ್ಯಾಗಿನ ಮುಚ್ಚಳ ಬಿಚ್ಚಿ ನೋಡ್ತೀನ್ರಿ. ಸಂಜಿ ಆಗ್ತೈತಿ."

ಧಣಿಗಳು ನನ್ನ ಕಡೆ ತಿರುಗಿದರು. "ನೀ ಹೇಳವ್ವಾ. ನಿನಗೇನರ ಕೇಳಿಸ್ತೈತೇನು?"

"ಇಲ್ರಿ" ಎಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಎಂಟು ತಿಂಗಳ ಸಿಟ್ಟು ನಾಲಿಗೆಯ ತುದಿಗೆ ಬಂತು. "ಇವರದು ದಿನಾ ಇದ ಕತಿ ರೀ."

ಮೇಸ್ತ್ರಿಗಳು ನನ್ನ ಕಡೆ ನೋಡಲೂ ಇಲ್ಲ. ಪುಸ್ತಕ ಮುಚ್ಚಿ, ಪೆನ್ನು ಜೇಬಿಗೆ ಸಿಕ್ಕಿಸಿಕೊಂಡರು. ಧಣಿಗಳು ರಸ್ತೆಯಲ್ಲೇ ಬೆಂಗಳೂರಿಗೆ ಹೋದರು. ಮರುದಿನ ಅಲ್ಲಿಂದ ಇಬ್ಬರು ಇಂಜಿನಿಯರುಗಳು ಬಂದು ಎಡಗಡೆ ಇಂಜಿನ್ನನ್ನು ಇಡೀ ದಿನ ಬಿಚ್ಚಿ, ನೋಡಿ, ಜೋಡಿಸಿದರು. ಏನೂ ಸಿಗಲಿಲ್ಲ. ಸಹಿ ಹಾಕಿ ಹೋದರು. ವಿಮಾನ ಹೂವಿನ ಹಾಗೆ ಹಾರಿತು. ಮೇಸ್ತ್ರಿಗಳಿಗೆ ಇನ್ನು ಬರುವುದು ಬೇಡವೆಂದು ಧಣಿಗಳ ಮ್ಯಾನೇಜರ್ ಫೋನಿನಲ್ಲಿ ತಿಳಿಸಿದ.

ನನ್ನ ಗಂಟೆ ತುಂಬಿತು, ಅರ್ಜಿಯೂ ಹೋಯಿತು. ಭಾನುವಾರ ಕಂಪ್ಲಿಗೆ ಹೋದೆ. ಮೇಸ್ತ್ರಿಗಳು ಗದ್ದೆಯ ಪಂಪ್‌ಸೆಟ್ಟಿನ ಮುಂದೆ ಕೂತು ಅದರ ಬೆಲ್ಟು ಬಿಗಿಯುತ್ತಿದ್ದರು. ಕ್ಷಮೆ ಕೇಳಲು ಬಾಯಿ ತೆರೆದೆ.

"ನಿನಗ ಕೇಳಿಸ್ಲಿಲ್ಲ, ಇಲ್ಲ ಅಂದಿ. ಅದು ಸರಿ ಐತಿ" ಎಂದರು. "ನನ್ನ ಮಾರಿ ನೋಡಿ ಹೌದು ಅಂದಿದ್ರ ನಾ ಬೈತಿದ್ದೆ. ಆದ್ರ ದಿನಾ ಇದ ಕತಿ ಅಂದೆಲ್ಲ, ಅದು ಇಂಜಿನ್ ಬಗ್ಗೆ ಹೇಳಿದ್ದಲ್ಲ."

ಕೆಳಗೆ ಬಿದ್ದಿದ್ದ ಪಾನಾ ಎತ್ತಿ ಅವರ ಕೈಗೆ ಕೊಟ್ಟೆ. ಕೊಡುತ್ತಲೇ ಕೇಳಿದೆ: "ಸರ್, ಅವತ್ತು ನಿಜವಾಗಿ ಏನಾದ್ರೂ ಕೇಳಿಸಿತ್ತಾ?"

"ಅವತ್ತು ಕೇಳಿಸ್ತು. ಈಗ ಕೇಳಿದ್ರ ಗೊತ್ತಿಲ್ಲವ್ವಾ. ತಪ್ಪಿರಬಹುದು."

"ಏನೂ ಸಿಗಲಿಲ್ವಲ್ಲ, ಬೇಜಾರಾಗಲಿಲ್ವಾ?"

"ಸಿಗಬೇಕಿತ್ತೇನು?" ಎಂದು ನನ್ನ ಮುಖವನ್ನೇ ನೋಡಿದರು. "ನೀ ಅದರಾಗ ಕುಂದ್ರತಿದ್ದಿ."

ಅವರ ಜಾಗಕ್ಕೆ ಬಂದವನು ಒಳ್ಳೆಯ ಹುಡುಗ, ನಗುಮುಖ. ನಾವು ಬರುವಷ್ಟರಲ್ಲಿ ಸಹಿ ಬಿದ್ದಿರುತ್ತಿತ್ತು. ಒಂದೂ ಹಾರಾಟ ತಪ್ಪಲಿಲ್ಲ. ನಾನು ಬಯಸಿದ್ದೆಲ್ಲ ಅದೇ, ಆದರೂ ನೆಮ್ಮದಿ ಹೋಯಿತು. ಯಾರೂ ಹೇಳದಿದ್ದರೂ ನಾನೇ ಸುತ್ತು ಹಾಕತೊಡಗಿದೆ. ಮಳೆಗಾಲದ ಒಂದು ಬೆಳಿಗ್ಗೆ ಎಡಗಡೆ ಟ್ಯಾಂಕಿನಿಂದ ಇಳಿಸಿದ ಲೋಟದ ತಳದಲ್ಲಿ ನೀರು ಕಂಡಿತು. ಚೆಲ್ಲಿ ಮತ್ತೆ ಇಳಿಸಿದೆ. ಮತ್ತೆ ನೀರು. ಮೂರನೆಯ ಸಲವೂ. ಕ್ಯಾಪ್ಟನ್ ತಾವೇ ಬಂದು ಇನ್ನೆರಡು ಸಲ ಇಳಿಸಿ, "ಈಗ ತಿಳಿಯಾಯಿತಲ್ಲ, ನಡಿ" ಎಂದರು. ಎಲ್ಲಿಂದ ನೀರು ಬಂತೆಂದು ತಿಳಿಯದೆ ನಾನು ಹತ್ತುವುದಿಲ್ಲ ಎಂದೆ. ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣಗಿತ್ತು. ಧಣಿಗಳು ಕೈಗಡಿಯಾರ ನೋಡಿಕೊಂಡರು. ನನ್ನನ್ನು ಬಿಟ್ಟು ವಿಮಾನ ಹೋಯಿತು. ಸುಖವಾಗಿ ಬೆಂಗಳೂರು ಮುಟ್ಟಿತು. ಸಂಜೆ ಅದೇ ಮ್ಯಾನೇಜರ್, ಅದೇ ಫೋನು.

ಅಂದೇ ಕಂಪ್ಲಿಯ ಬಸ್ ಹತ್ತಿದೆ. ಇಷ್ಟು ದಿನಕ್ಕೆ ಒಂದು ಒಳ್ಳೆಯ ಮಾತು ಕೇಳಬಹುದೆಂಬ ಆಸೆ. ಮೇಸ್ತ್ರಿಗಳು ಪೂರ್ತಿ ಕೇಳಿಸಿಕೊಂಡರು.

"ಬಲಗಡೆ ಟ್ಯಾಂಕು?"

"ಅದನ್ನ... ನೋಡಲಿಲ್ಲ ಸರ್."

"ಇಂಧನ ಯಾವುದ್ರಿಂದ ತುಂಬಿದ್ರೋ, ಆ ಡ್ರಮ್ಮು?"

"ಇಲ್ಲ."

"ಟ್ಯಾಂಕಿನ ಮುಚ್ಚಳದ ರಬ್ಬರು ನೋಡಿದ್ಯೇನು? ಅದೂ ಇಲ್ಲ. ಮತ್ತೇನು ಮಾಡಿದಿ? ಒಂದು ಕಡೆ ನೀರು ನೋಡಿದಿ, ಅಲ್ಲೇ ಜಗಳಕ್ಕ ನಿಂತಿ. ಅರ್ಧಾ ಕೆಲಸ!"

ಕೆಲಸ ಕಳೆದುಕೊಂಡು ಬಂದವಳಿಗೆ ಅರ್ಧ ಗಂಟೆ ಪಾಠ. ಸಿಟ್ಟಿನಿಂದ ನಾನು ಅತ್ತೇಬಿಟ್ಟೆ. ಆಗ ಗೊಣಗುತ್ತಲೇ ಒಳಗೆ ಹೋಗಿ, ಟೀ ತಾವೇ ಕಾಸಿ ತಂದು ಕೊಟ್ಟರು. ಸಕ್ಕರೆ ಹಾಕಿರಲಿಲ್ಲ. ಅದನ್ನು ಹೇಳುವ ಧೈರ್ಯ ನನಗಿರಲಿಲ್ಲ.

ಕಳಿಸಿದ್ದ ಅರ್ಜಿ ಕೈಗೂಡಲಿಲ್ಲ. ವರ್ಷವೊಂದನ್ನು ಅಪ್ಪನ ಶೆಡ್ಡಿನಲ್ಲಿ ಕಳೆದು, ಆಮೇಲೆ ಬೇರೊಂದು ಕಂಪನಿಯಲ್ಲಿ ಕೆಲಸ ಸಿಕ್ಕಿತು. ಗಣಿಗಳು ನಿಂತವು, ಧಣಿಗಳ ವಿಮಾನ ಮಾರಾಟವಾಯಿತು, ರನ್‌ವೇಯಲ್ಲಿ ಜಾಲಿ ಬೆಳೆಯಿತು. ಈಗ ನಾನೂ ಕ್ಯಾಪ್ಟನ್. ನನ್ನಿಂದ ತಡವಾದ ವಿಮಾನಗಳು ಕಡಿಮೆಯಲ್ಲ. ಏನೂ ಸಿಗದೆ ಹೋದ ದಿನಗಳೇ ಹೆಚ್ಚು, ಆಗೆಲ್ಲ ನೆಲದ ಮೇಲಿನ ಹುಡುಗರು ಬೆನ್ನ ಹಿಂದೆ ಏನೆನ್ನುತ್ತಾರೆಂದು ನನಗೆ ಗೊತ್ತು. ನಾನೇ ಹಿಂದೆ ಅಂದದ್ದು ತಾನೆ. ಬೇಡ ಎನಿಸಿದಾಗ ಬೇಡ ಎಂದು, ಎಲ್ಲರ ಮುನಿಸಿನ ನಡುವೆ ಸುಮ್ಮನೆ ನಿಲ್ಲುವುದನ್ನು ನನಗೆ ಯಾವ ಫ್ಲೈಯಿಂಗ್ ಸ್ಕೂಲೂ ಕಲಿಸಿರಲಿಲ್ಲ.

ಮೇಸ್ತ್ರಿಗಳು ತೀರಿಹೋದ ಸುದ್ದಿ ಮೂರನೆಯ ದಿನ ತಲುಪಿತು. ಕಂಪ್ಲಿಗೆ ಹೋದಾಗ ಅವರ ಹೆಂಡತಿ ನಡುಮನೆಯಲ್ಲಿ ನಾಲ್ಕು ಜನ ನೆಂಟರ ನಡುವೆ ಕೂತಿದ್ದರು. ನನ್ನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡು ಹೇಳಿದರು: "ಎರಡು ತಿಂಗಳಿಂದ ಎದಿ ಹಿಡೀತೈತಿ ಅಂತಿದ್ರವ್ವಾ. ಬಳ್ಳಾರಿಗೆ ಹೋಗಿ ತೋರಿಸ್ರಿ ಅಂದ್ರ, ಕೊಯ್ಲು ಮುಗೀಲಿ ಅಂದ್ರು."

"ಕೊಯ್ಲಾ?" ನನ್ನ ದನಿ ಎಷ್ಟು ಜೋರಾಯಿತೆಂದರೆ ನೆಂಟರೆಲ್ಲ ತಿರುಗಿ ನೋಡಿದರು. "ಊರ ಮಂದೀದೆಲ್ಲ ಬಿಚ್ಚಿ ನೋಡೋರಿಗೆ ತಮ್ದು ಒಂದು ದಿನ ತೋರಿಸಾಕ ಆಗ್ಲಿಲ್ಲೇನು? ನನಗೊಂದು ಫೋನು ಮಾಡಾಕ ಏನಾಗಿತ್ತು ಇವರಿಗೆ?"

ಸಾವಿನ ಮನೆಯಲ್ಲಿ ಆಡುವ ಮಾತಲ್ಲ ಅದು. ಹಿರಿಯರೊಬ್ಬರು ಸುಮ್ಮನಿರುವಂತೆ ಕೈಸನ್ನೆ ಮಾಡಿದರು. ಆದರೆ ಮೇಸ್ತ್ರಿಗಳ ಹೆಂಡತಿ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದುಕೊಂಡರು. "ಬೈ ಅವ್ವಾ" ಎಂದರು, "ಮುಂಜಾನಿಂದ ಬಂದೋರೆಲ್ಲ ಬರೇ ಹೊಗಳಾಕ ಹತ್ಯಾರ. ಇವರು ಯಾರ ಬಗ್ಗೆ ಹೇಳ್ತಾರಂತನ ನನಗ ತಿಳೀವಲ್ದು."

ನಾನು ಬೈದೆ. ಅವರೂ ಬೈದರು. ಆ ಮನೆಯಲ್ಲಿ ಅಂದು ಮೇಸ್ತ್ರಿಗಳನ್ನು ಬೈಯುವಷ್ಟು ಬಲ್ಲವರು ನಾವಿಬ್ಬರೇ ಇದ್ದೆವು.