ಕೈ ಬೀಸುವ ಮುನ್ನ

ಮುನಿರಾಜಣ್ಣನ ಎರಡು ಕೈಗಳನ್ನು ಪಕ್ಕಪಕ್ಕ ಇಟ್ಟರೆ ಒಬ್ಬನೇ ಮನುಷ್ಯನವು ಎಂದು ಯಾರೂ ನಂಬುತ್ತಿರಲಿಲ್ಲ. ಎಡಗೈ ಎಣ್ಣೆಗೆಂಪು; ಬಲಗೈ ಮೊಣಕೈಯಿಂದ ಬೆರಳ ತುದಿಯವರೆಗೆ ಕರ್ರಗೆ. ಮೂವತ್ತು ವರ್ಷ ಲಾರಿಯ ಕಿಟಕಿಯಾಚೆ ಬಿಸಿಲಲ್ಲಿ ಇದ್ದ ಕೈ ಅದು. ಅವರ ಹೆಂಡತಿ ಲಕ್ಷ್ಮಮ್ಮ, “ಮದ್ವೇಲಿ ಎರಡೂ ಒಂದೇ ಬಣ್ಣ ಇದ್ವು ಕಣಪ್ಪ” ಎಂದು ನಗುತ್ತಿದ್ದರು.

ನಾನು ಅವರ ಜೊತೆ ಎರಡನೇ ಡ್ರೈವರಾಗಿ ಆರು ವರ್ಷ ಓಡಾಡಿದೆ. ದೊಡ್ಡಬಳ್ಳಾಪುರದ ಮಗ್ಗದ ಸೀರೆ ಹೇರಿಕೊಂಡು ಸೂರತ್‌ಗೆ, ಅಲ್ಲಿಂದ ನೂಲು ತುಂಬಿಕೊಂಡು ವಾಪಸ್ಸು. ಲಾರಿಯವರು ಊರೂರು ನೋಡುತ್ತಾರೆ ಎಂದು ಜನ ಹೊಟ್ಟೆ ಉರಿದುಕೊಳ್ಳುತ್ತಾರೆ. ನಾವು ನೋಡಿದ್ದು ಗೋಡೌನಿನ ಗೇಟುಗಳನ್ನು. ಲೋಡು ಇಳಿಸಿಕೊಳ್ಳುವವರೆಗೆ ಎರಡೆರಡು ದಿನ ಅಲ್ಲೇ ಕಾಯಬೇಕು. ಡಾಬಾದ ತೊಟ್ಟಿಯಲ್ಲಿ ಸ್ನಾನ, ಸೀಟಿನ ಹಿಂದಿನ ಹಲಗೆಯ ಮೇಲೆ ನಿದ್ದೆ. ಮಗಳ ನಿಶ್ಚಿತಾರ್ಥವನ್ನು ಮುನಿರಾಜಣ್ಣ ನೋಡಿದ್ದು ಫೋನಿನಲ್ಲಿ. ಟೈರಿಗೆ ಫೋನು ಒರಗಿಸಿ, ತಲೆ ಬಾಚಿಕೊಂಡು ಬಂದು, ಬೀಗರಿಗೆ ಕೈ ಮುಗಿದರು. ಆಮೇಲೆ ಸ್ಟೌ ಹಚ್ಚಿ ಮುದ್ದೆಗೆ ಇಟ್ಟರು. “ನೀರು ಯಾರ್ದಾದ್ರೂ ಕುಡಿ, ಹಿಟ್ಟು ಮಾತ್ರ ನಮ್ಮನೇದಿರ್ಲಿ” ಎನ್ನುವುದು ಅವರ ಕಟ್ಟಳೆ. ಆ ದಿನ ಮುದ್ದೆ ಗಂಟುಗಂಟಾಗಿತ್ತು. ಇಬ್ಬರೂ ಹಾಗೇ ನುಂಗಿದೆವು.

ದೊಡ್ಡ ಲಾರಿಯ ಹಿಂದೆ ಬರುವವನಿಗೆ ಮುಂದಿನ ರಸ್ತೆ ಕಾಣುವುದಿಲ್ಲ. ಅವನಿಗಾಗಿ ಲಾರಿಯವನೇ ಮುಂದೆ ನೋಡಿ, ಎದುರಿಗೆ ಏನೂ ಇಲ್ಲದಿದ್ದರೆ ಹೋಗಪ್ಪ ಎಂದು ಕಿಟಕಿಯಿಂದ ಕೈ ಬೀಸುವುದು ನಮ್ಮಲ್ಲಿ ರೂಢಿ. ಕೆಲವರು ನೊಣ ಓಡಿಸಿದ ಹಾಗೆ ಬೀಸುತ್ತಾರೆ. ಒಮ್ಮೆ ನಾನೂ ಫೋನಿನಲ್ಲಿ ಮಾತಾಡುತ್ತಲೇ ಬೀಸಿದೆ. ಹಿಂದೆ ಮಲಗಿದ್ದ ಮುನಿರಾಜಣ್ಣ ಎದ್ದು ಕುಳಿತರು.

“ಲೇ ಸೀನ, ಹಿಂದಿನೋನು ನಿನ್ನ ಮುಖಾನೂ ನೋಡಿಲ್ಲ. ಬರೀ ಕೈ ನೋಡಿ ಹೆಂಡ್ತಿ ಮಕ್ಳನ್ನ ಕರ್ಕೊಂಡು ಮುಂದಕ್ ನುಗ್ತಾನೆ. ಹುಡುಗಾಟನಾ ಇದು?”

ಅವರಿಗೆ ಸಕ್ಕರೆ ಕಾಯಿಲೆ ಇತ್ತು. ಅದು ಕಣ್ಣಿಗೆ ಇಳಿದದ್ದನ್ನು ನನ್ನಿಂದಲೂ ಮುಚ್ಚಿಟ್ಟರು. ದಾರಿಯ ಬೋರ್ಡುಗಳನ್ನೆಲ್ಲ ನನ್ನ ಕೈಲಿ ಓದಿಸುತ್ತಿದ್ದರು. ನಾನು ಪೆದ್ದ, ಹಿಂದಿ ಕಲಿಸುತ್ತಿದ್ದಾರೆ ಎಂದುಕೊಂಡಿದ್ದೆ.

ಒಂದು ಸಲ ಸೂರತ್‌ಗೆ ಹೋಗುವಾಗ, ಹಾವೇರಿ ದಾಟಿದ ಮೇಲೆ ಒಂದು ಕಡೆ ರಸ್ತೆ ಕೆಲಸ ನಡೆಯುತ್ತಿತ್ತು. ಹೋಗುವ ಬರುವ ಗಾಡಿಗಳನ್ನೆಲ್ಲ ಒಂದೇ ದಾರಿಯಲ್ಲಿ ಬಿಟ್ಟಿದ್ದರು. ಮಧ್ಯಾಹ್ನ ಇಳಿದಿತ್ತು, ಬಿಸಿಲು ಮುಖಕ್ಕೆ ಹೊಡೆಯುತ್ತಿತ್ತು. ಹಿಂದಿನ ಕಾರಿನವನು ಹಾರ್ನ್ ಹೊಡೆದ. ಮುನಿರಾಜಣ್ಣ ಎದುರಿಗೆ ದಿಟ್ಟಿಸಿ ನೋಡಿ ಕೈ ಬೀಸಿದರು. ನೀರಿನ ಬಾಟಲಿ ಹುಡುಕುತ್ತಿದ್ದ ನಾನು ತಲೆ ಎತ್ತುವಷ್ಟರಲ್ಲಿ ಕಾರು ನಮ್ಮ ಪಕ್ಕಕ್ಕೆ ಬಂದಿತ್ತು, ಎದುರಿಗೆ ಬಸ್ಸು. ನಾನು ಕೂಗಿಕೊಂಡೆ. ಅವರು ಬ್ರೇಕ್ ಒತ್ತಿ ಲಾರಿಯನ್ನು ಎಡಕ್ಕೆ ಎಳೆದರು. ಕಾರು ನಮ್ಮ ಮುಂದೆ ನುಸುಳಿ ಮಣ್ಣಿನ ಗುಡ್ಡೆ ಹತ್ತಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ.

ನಾವಿಬ್ಬರೂ ಇಳಿದು ಓಡಿದೆವು. ಕಾರಿನವರು ಬೆಂಗಳೂರು ಕಡೆಯವರು, ಚಿಕ್ಕ ವಯಸ್ಸಿನ ಗಂಡ ಹೆಂಡತಿ. ಆಕೆಯ ಎದೆಗೆ ಆತುಕೊಂಡು ಎಳೆಗೂಸು ಅಳುತ್ತಿತ್ತು. ಗಂಡ ಮುನಿರಾಜಣ್ಣನ ಕೈ ಹಿಡಿದುಕೊಂಡ. “ನೀವು ಬ್ರೇಕ್ ಹಾಕ್ದಿದ್ರೆ ನಾವು ಮೂರು ಜನಾನೂ ಇರ್ತಿರ್ಲಿಲ್ಲ ಅಣ್ಣ. ತಪ್ಪು ನಂದೇ, ಅವಸರ ಮಾಡ್ಬಿಟ್ಟೆ.”

ನಾನು ಮುನಿರಾಜಣ್ಣನ ಅಂಗಿ ಜಗ್ಗಿ, “ಸುಮ್ನೆ ಬನ್ನಿ ಅಣ್ಣ” ಎಂದೆ. ಹಾಗೆ ಜಗ್ಗಿದ್ದಕ್ಕೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

“ಇಲ್ಲ ಸ್ವಾಮಿ. ಹೋಗಿ ಅಂತ ಕೈ ಬೀಸಿದ್ದು ನಾನು. ಬಸ್ಸು ನನ್ನ ಕಣ್ಣಿಗೆ ಕಾಣ್ಲೇ ಇಲ್ಲ” ಎಂದರು.

ಆತ ಹಿಡಿದಿದ್ದ ಕೈ ಬಿಟ್ಟ. ಬೈಯಲಿಲ್ಲ. ಆಕೆ ಮುನಿರಾಜಣ್ಣನನ್ನು ಒಂದು ಗಳಿಗೆ ನೋಡಿ, ಮಗುವನ್ನು ಆ ಕಡೆಯ ಹೆಗಲಿಗೆ ಬದಲಿಸಿಕೊಂಡಳು. ಲಾರಿಯ ಹತ್ತಿರ ಬಂದು ಕೀ ನನ್ನ ಕೈಗಿಟ್ಟು ಮುನಿರಾಜಣ್ಣ ಎಡಗಡೆ ಸೀಟಿಗೆ ಹತ್ತಿದರು. ಮತ್ತೆ ಸ್ಟೇರಿಂಗ್ ಮುಟ್ಟಲಿಲ್ಲ.

ಹತ್ತಿರದ ಬಾಡಿಗೆಗಳನ್ನಾದರೂ ಓಡಿಸಿ ಎಂದು ಲಾರಿ ಮಾಲೀಕರು ಹೇಳಿ ಕಳಿಸಿದರು. ನಾನೂ ಗೋಗರೆದೆ. “ರಸ್ತೆ ನಾನು ನೋಡ್ತೀನಿ, ಗಾಡಿ ನೀವು ಓಡ್ಸಿ ಅಣ್ಣ. ಮನೆ ನಡೀಬೇಕಲ್ವಾ?”

“ಮನೆ ಹೆಂಗೋ ನಡೀತದೆ ಕಣೋ” ಎಂದರು. ಮನೆ ನಡೆದದ್ದು ಲಕ್ಷ್ಮಮ್ಮ ಕೂಲಿಗೆ ಹೋಗಿ.

ಅವರು ತೀರಿಕೊಂಡು ಎಂಟು ತಿಂಗಳಾಯಿತು. ಕೊನೆಯ ಸಲ ತ್ಯಾಮಗೊಂಡ್ಲುವಿನ ಅವರ ಮನೆಗೆ ಹೋದಾಗ ಕಣ್ಣು ಪೂರ್ತಿ ಮಂಜಾಗಿತ್ತು. ನನ್ನ ದನಿ ಕೇಳಿಯೇ ಎದ್ದರು. ಹೋಟೆಲಲ್ಲಿ ಕಾಫಿ ಕುಡಿಯೋಣ ಬಾ ಎಂದು ಹೊರಟರು. ಹೋಟೆಲು ರಸ್ತೆಯ ಆಚೆಗಿತ್ತು. ಅಂಚಿನಲ್ಲಿ ನಿಂತು ನನ್ನ ತೋಳು ಹಿಡಿದುಕೊಂಡರು.

“ನೋಡಿ ಹೇಳೋ ಸೀನ, ಹೋಗ್ಬೋದಾ?”

ಬಲಕ್ಕೆ ನೋಡಿದೆ, ಎಡಕ್ಕೆ ನೋಡಿದೆ, ಮತ್ತೆ ಬಲಕ್ಕೆ ನೋಡಿದೆ. ರಸ್ತೆ ಖಾಲಿ ಇತ್ತು. ಆದರೂ ಹೋಗಬಹುದು ಎನ್ನಲು ನನಗೆ ಬಾಯಿ ಬರಲಿಲ್ಲ. ಮುನಿರಾಜಣ್ಣ ಅವಸರ ಮಾಡಲಿಲ್ಲ, ನಾನು ಹೇಳುವವರೆಗೂ ಕಾದು ನಿಂತರು.